ಹಲಗೆಗೆ ಪಾದ ಕಟ್ಟಿದ ಕತೆ

1922ರ ಬೇಸಿಗೆ. ಅಮೆರಿಕದ ಮಿನೆಸೋಟಾ ರಾಜ್ಯದ ಲೇಕ್ ಸಿಟಿಯಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹದಿಹರೆಯದ ಹುಡುಗ ಪೆಪಿನ್ ಸರೋವರದ ನೀರಿನ ಮೇಲೆ ನಿಂತು ಜಾರುವ ಹಟ ಹಿಡಿದಿದ್ದ. ಪೀಪಾಯಿಯ ಪಟ್ಟಿಗಳನ್ನು ಕಟ್ಟಿಕೊಂಡು ನೋಡಿದ, ಹಿಮದ ಸ್ಕೀ ಕಟ್ಟಿಕೊಂಡು ನೋಡಿದ. ಎರಡೂ ಕೈಕೊಟ್ಟವು. ಕೊನೆಗೆ ಎಂಟು ಅಡಿಯ ಎರಡು ಹಲಗೆ ತಂದು, ತುದಿಗಳನ್ನು ಬಿಸಿನೀರಲ್ಲಿ ಬೇಯಿಸಿ ಬಗ್ಗಿಸಿದ. ಪಾದ ತೂರಿಸಲು ನಡುವೆ ತೊಗಲಿನ ಬಾರು. ಸಹೋದರ ಬೆನ್ ದೋಣಿ ಓಡಿಸಿದ, ಇವನು ನಿಂತ. ವಾಟರ್ ಸ್ಕೀಯಿಂಗ್ ಚರಿತ್ರೆಯಲ್ಲಿ ಎಲ್ಲರೂ ಆ ಹಲಗೆಗಳನ್ನು ಹೊಗಳುತ್ತಾರೆ. ನನಗೆ ಆ ಬಾರೇ ಹೆಚ್ಚು ಮುಖ್ಯ ಅನಿಸುತ್ತದೆ.

ಏಕೆಂದರೆ ಆರು ದಶಕಗಳ ನಂತರ ವೇಕ್‌ಬೋರ್ಡಿಂಗ್ ಹುಟ್ಟಿದ್ದು ಬಾರಿನ ಪ್ರಶ್ನೆಯಿಂದಲೇ. 1985ರಲ್ಲಿ ಸ್ಯಾನ್ ಡಿಯಾಗೋದ ಟೋನಿ ಫಿನ್ 'ಸ್ಕರ್ಫರ್' ಮಾಡಿದ. ನೋಡಲು ಅದು ಸರ್ಫ್ ಹಲಗೆಯ ಗಿಡ್ಡ ತಮ್ಮ, ದೋಣಿಯ ಹಿಂದೆ ಎಳೆಸಿಕೊಂಡು ಹೋಗುವಂಥದ್ದು. ಮೊದಲಿಗೆ ಅದಕ್ಕೆ ಪಾದ ಹಿಡಿಯುವ ಏನೂ ಇರಲಿಲ್ಲ. ದೋಣಿಯ ಹಿಂದೆ ಏಳುವ ಅಲೆಯ ಮೇಲೆ ಹಾರಿದರೆ ಹಲಗೆ ಒಂದು ಕಡೆ, ಆಳು ಇನ್ನೊಂದು ಕಡೆ. ಟೆಕ್ಸಾಸ್‌ನ ಜಿಮ್ಮಿ ರೆಡ್‌ಮನ್ ಕೂಡ ಅದೇ ಹೊತ್ತಿಗೆ ಹಲಗೆಗೆ ಬಾರು ಹಾಕಿ ನೋಡುತ್ತಿದ್ದ. ಬಾರು ಬಂತು, ಪಾದದ ಜೊತೆ ಹಲಗೆಯೂ ಗಾಳಿಗೇರಿತು. ಅಲ್ಲಿಂದ ಆಟವೇ ಬೇರೆ. 1990ರ ಸುಮಾರಿಗೆ ಹರ್ಬ್ ಓಬ್ರಿಯನ್‌ನ 'ಹೈಪರ್‌ಲೈಟ್' ಹೆಚ್ಚು ತೇಲದ ತೆಳು ಹಲಗೆಯಾಗಿ ಬಂದು, ನೀರಿನೊಳಗಿಂದ ಎದ್ದು ನಿಲ್ಲುವುದನ್ನು ಸುಲಭ ಮಾಡಿತು. ಬಾರು ರಬ್ಬರಿನ ಕವಚವಾಯಿತು. ಅದರೊಳಗೆ ಕಾಲು ತೂರಿಸಲು ಸಾಬೂನು ನೀರು ಸವರಿಕೊಳ್ಳಬೇಕಿತ್ತು! ಆಮೇಲೆ ದಾರ ಕಟ್ಟುವ ಬೂಟು ಬಂತು.

ಇಂದು ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಬೆರಳು ಹೊರಗೆ ಕಾಣುವ ಬೂಟು ಹಲವು ಅಳತೆಯ ಕಾಲಿಗೆ ಹೊಂದುತ್ತದೆ. ಒಂದೇ ದೋಣಿಯಲ್ಲಿ ಅಕ್ಕನೂ ತಮ್ಮನೂ ಸರದಿಯಲ್ಲಿ ಆಡಬಹುದು, ಕಲಿಯುವವರಿಗೆ ಅಷ್ಟು ಸಾಕು. ಬೆರಳು ಮುಚ್ಚಿದ್ದು ಒಬ್ಬರ ಅಳತೆಗೆ ಮಾತ್ರ. ಹೆಬ್ಬೆರಳು ಒತ್ತಿದರೂ ಹಲಗೆಗೆ ತಿಳಿಯುತ್ತದೆ, ಪಲ್ಟಿ ಹೊಡೆಯುವವರು ಅದನ್ನೇ ಬಯಸುತ್ತಾರೆ.

ಹಾಗೆಂದು ಹೊಸಬರಿಗೆ ಸಡಿಲವಾದದ್ದೇ ಕ್ಷೇಮ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಿದ್ದಾಗ ಒಂದು ಕಾಲು ಕಳಚಿ ಇನ್ನೊಂದು ಸಿಕ್ಕಿಕೊಂಡರೆ, ಹಲಗೆಯ ತಿರುಚಾಟವೆಲ್ಲ ಆ ಒಂದೇ ಮೊಣಕಾಲು, ಪಾದದ ಗಂಟಿನ ಮೇಲೆ. ಬೂಟು ಮೆತ್ತಗಿರಲಿ, ಬೇಡವೆನ್ನುವುದಿಲ್ಲ. ಆದರೆ ಕಟ್ಟಿಕೊಂಡು ಹಿಮ್ಮಡಿ ಎತ್ತಿ ನೋಡಬೇಕು. ಅದು ಮೇಲೆದ್ದು ಬಂದರೆ ಅಂಗಡಿಯವನಿಗೆ ಅದನ್ನು ವಾಪಸು ಕೊಟ್ಟು ಇನ್ನೊಂದು ಅಳತೆ ಕೇಳಬೇಕು.