ಮೆಟ್ಟಿಲ ಕೆಳಗಿನ ಪ್ರೇಕ್ಷಕ

ಚನ್ನಗಿರಿಯ ಕಡೆ ಜಾತ್ರೆಯ ಸಂದರ್ಭದಲ್ಲಿ ಬಯಲು ಕುಸ್ತಿ ನಡೆಯುವುದು ಹಳೆಯ ರೂಢಿ. ಹದ ಮಾಡಿ ಹಾಕಿದ ಕೆಮ್ಮಣ್ಣಿನ ಕಣ. ಅದರ ಸುತ್ತ ನೆಲದ ಮೇಲೆ ಕುಳಿತವರು, ಕುಳಿತವರ ಹಿಂದೆ ನಿಂತವರು, ನಿಂತವರ ಹಿಂದೆ ಗಾಡಿಗಳನ್ನೇರಿದ ಹುಡುಗರು. ನನ್ನ ಬಾಲ್ಯದಲ್ಲಿ ನಮ್ಮ ಬೀದಿಯಲ್ಲಿ ಎರಡು ಕಾಲೂ ಸ್ವಾಧೀನವಿಲ್ಲದ ಹಿರಿಯರೊಬ್ಬರಿದ್ದರು. ಕುಸ್ತಿಯೆಂದರೆ ಅವರಿಗೆ ಪ್ರಾಣ. ಪಟ್ಟುಗಳ ಹೆಸರೆಲ್ಲ ಅವರಿಗೆ ಬಾಯಿಪಾಠ. ಕುಸ್ತಿಯ ದಿನ ಅವರ ತಮ್ಮನ ಮಗ ಅವರನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದ. “ಏ, ದಾರಿ ಬಿಡ್ರಪ್ಪಾ, ದೊಡ್ಡಪ್ಪ ಬಂದಾರೆ” ಎಂದು ಅವನು ಕೂಗಿದರೆ ಜನ ಸರಿದು ನಿಲ್ಲುತ್ತಿದ್ದರು. ಮುಂದಿನ ಸಾಲಿನಲ್ಲಿ ಕಂಬಳಿ ಹಾಸಿ ಅವರನ್ನು ಕೂರಿಸುತ್ತಿದ್ದರು.

ಈ ಹಿರಿಯರಿಗೆ ಒಮ್ಮೆಯಾದರೂ ಬೆಂಗಳೂರಿಗೆ ಹೋಗಿ ದೊಡ್ಡ ಕ್ರಿಕೆಟ್ ಪಂದ್ಯವೊಂದನ್ನು ಕಣ್ಣಾರೆ ನೋಡಬೇಕೆಂಬ ಆಸೆಯಿದ್ದಿತು. ಹೋಗಿ ನೋಡಿ ಬಂದವರನ್ನು ಕರೆಸಿ ವಿಚಾರಿಸಿದರು. “ಹತ್ತಾಕೆ ಮೆಟ್ಲು ಭಾಳ ಅದಾವೆ, ದೊಡ್ಡಪ್ಪ” ಎಂದು ಉತ್ತರ ಬಂದಿತು. ಅಲ್ಲಿಗೆ ಆ ಮಾತು ನಿಂತುಹೋಯಿತು. ಕೊನೆಯವರೆಗೂ ಜಗುಲಿಯ ಮೇಲಿನ ರೇಡಿಯೋವೇ ಅವರ ಕ್ರೀಡಾಂಗಣವಾಗಿದ್ದಿತು. ಆ ಮೆಟ್ಟಿಲುಗಳು ಹೇಗೆ ಬಂದವು, ಅವುಗಳ ಕೆಳಗೆ ನಿಂತುಬಿಟ್ಟವರಿಗಾಗಿ ಯಾರು ಯಾರು ದುಡಿದರು, ಆ ಕೆಲಸ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಆಟ ನೋಡುವವನಿಗೆ ಮೆಟ್ಟಿಲು ಮೊದಲಿನಿಂದಲೂ ಇದ್ದ ವಸ್ತುವಲ್ಲ. ಗ್ರೀಕರ ಒಲಿಂಪಿಯಾದಲ್ಲಿ ಪ್ರೇಕ್ಷಕರು ಮಣ್ಣಿನ ಇಳಿಜಾರುಗಳ ಮೇಲೆಯೇ ಕುಳಿತು ಓಟವನ್ನು ನೋಡಿದರು; ಕಲ್ಲಿನ ಆಸನಗಳಿದ್ದುದು ತೀರ್ಪುಗಾರರಿಗೆ ಮಾತ್ರ. ನಮ್ಮ ಹಂಪೆಯ ಮಹಾನವಮಿ ದಿಬ್ಬಕ್ಕೆ ಮೆಟ್ಟಿಲುಗಳುಂಟು. ಆದರೆ ಎತ್ತರದ ಆ ಸ್ಥಾನ ಅರಸನಿಗೆ ಸಲ್ಲತಕ್ಕದ್ದು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ನವರಾತ್ರಿಯ ಮಲ್ಲಯುದ್ಧಗಳನ್ನು ಕಂಡು ಬರೆದಿಟ್ಟಿದ್ದಾನೆ. ಸಾಮಾನ್ಯ ಜನರ ಪಾಲಿಗೆ ಕಾಳಗದ ಕಣವೂ ನೋಟದ ಕಣವೂ ಬಹುಕಾಲ ಒಂದೇ ನೆಲದಲ್ಲಿದ್ದವು.

ನಗರಗಳು ಬೆಳೆದು ಸ್ವಲ್ಪ ಸ್ಥಳದಲ್ಲಿ ಸಾವಿರಾರು ಜನರನ್ನು ಕೂರಿಸಬೇಕಾಗಿ ಬಂದಾಗ ಕಾಂಕ್ರೀಟಿನ ಮೆಟ್ಟಿಲು ಸಾಲುಗಳು ಎದ್ದವು. ಹಿಂದಿನವನಿಗೆ ಮುಂದಿನವನ ತಲೆ ಅಡ್ಡವಾಗಬಾರದೆಂದು ಸಾಲಿನಿಂದ ಸಾಲಿಗೆ ಎತ್ತರ ಹೆಚ್ಚಿಸಿದರು. ಎಲ್ಲರಿಗೂ ಕಾಣಲೆಂದು ಮಾಡಿದ ಈ ಏರ್ಪಾಡೇ ಕೆಲವರಿಗೆ ಏನೂ ಕಾಣದಂತೆ ಮಾಡಿತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ನಕ್ಷೆ ಬರೆದವರ ಮನಸ್ಸಿನಲ್ಲಿ ಗಾಲಿಕುರ್ಚಿಯ ಪ್ರೇಕ್ಷಕ ಸುಳಿದಿರಲಿಲ್ಲ, ಅಷ್ಟೆ.

ಬೆಂಗಳೂರಿನ ವಿಷಯವನ್ನೇ ನೋಡೋಣ. ಮೊದಲು ದೊಡ್ಡ ಕ್ರಿಕೆಟ್ ಪಂದ್ಯಗಳು ಸೆಂಟ್ರಲ್ ಕಾಲೇಜಿನ ಮೈದಾನದಲ್ಲಿ ನಡೆಯುತ್ತಿದ್ದವು. ಈಗ ಎಂ. ಚಿನ್ನಸ್ವಾಮಿಯವರ ಹೆಸರಿನಲ್ಲಿರುವ ಕ್ರೀಡಾಂಗಣಕ್ಕೆ 1969ರಲ್ಲಿ ಅಸ್ತಿಭಾರ ಬಿದ್ದಿತು. 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸಿನವರೊಡನೆ ಅಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆಯಿತು. ಕರ್ನಾಟಕದ ಕ್ರಿಕೆಟಿಗೆ ಅದು ಉಚ್ಛ್ರಾಯದ ಕಾಲ. ಆ ಉಚ್ಛ್ರಾಯಕ್ಕೆ ಕಾರಣರಾದವರಲ್ಲಿ ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಒಬ್ಬರು. ಬಾಲ್ಯದಲ್ಲಿ ಪೋಲಿಯೋ ತಗಲಿ ಅವರ ಬಲಗೈ ಬಡವಾಯಿತು. ಆ ಕೈಯಿಂದಲೇ ಅವರು ಚೆಂಡನ್ನೆಸೆದರು. 1971ರಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ ಆರು ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಜಯವನ್ನು ತಂದರು. 58 ಟೆಸ್ಟುಗಳಲ್ಲಿ ಅವರು ಪಡೆದ ವಿಕೆಟ್‌ಗಳು 242.

ಪೋಲಿಯೋದಿಂದ ಬಡವಾದ ಆ ಕೈಗೆ ನಾಡೆಲ್ಲ ಚಪ್ಪಾಳೆ ತಟ್ಟಿತು. ಅದೇ ಪೋಲಿಯೋ ಕಾಲಿಗೆ ತಗಲಿದ ಅಭಿಮಾನಿ ಆ ಚಪ್ಪಾಳೆಯಲ್ಲಿ ಸೇರಬೇಕಾದರೆ ಯಾರಾದರೂ ಅವನನ್ನು ಹೊತ್ತು ಮೇಲೇರಿಸಬೇಕಾಗಿದ್ದಿತು. ಆಡುವವನ ವೈಕಲ್ಯವನ್ನು ಮೆಚ್ಚಿಕೊಂಡ ಸಮಾಜಕ್ಕೆ ನೋಡುವವನ ವೈಕಲ್ಯ ಕಣ್ಣಿಗೆ ಬೀಳಲು ಇನ್ನೂ ಬಹಳ ಕಾಲ ಹಿಡಿಯಿತು.

ಈ ದಿಕ್ಕಿನಲ್ಲಿ ನಮ್ಮ ನಾಡಿನಲ್ಲಿ ದುಡಿದವರು ಮೊದಲು ಕ್ರೀಡಾಂಗಣದ ಬಾಗಿಲಿಗೆ ಹೋಗಲಿಲ್ಲ. ಶಾಲೆ, ಉದ್ಯೋಗ, ಗಾಲಿಕುರ್ಚಿ ಇವೇ ಮುಂದಿನ ಪ್ರಶ್ನೆಗಳಾಗಿದ್ದವು. ಸ್ವತಃ ಪೋಲಿಯೋಗೆ ತುತ್ತಾದ ಎನ್. ಎಸ್. ಹೇಮಾ ಅವರು ಗೆಳೆಯರೊಡನೆ ಸೇರಿ 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆಯೊಂದನ್ನು ಆರಂಭಿಸಿದರು. ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’ ಎಂಬ ಹೆಸರಿನಿಂದ ಅದು ಇಂದಿಗೂ ನಡೆದುಬಂದಿದೆ. ಮನೆಯ ಮೂಲೆ ಬಿಟ್ಟು ಬೀದಿಗೆ ಬಾರದವನು ಪಂದ್ಯಕ್ಕೆ ಬರುವುದೆಂತು? ಆದ್ದರಿಂದ ಇಂತಹ ಸಂಸ್ಥೆಗಳ ಕೆಲಸವನ್ನು ಈ ಚರಿತ್ರೆಯ ಮೊದಲ ಅಧ್ಯಾಯವೆಂದರೆ ತಪ್ಪಾಗಲಾರದು.

ಎರಡನೆಯ ಅಧ್ಯಾಯವನ್ನು ಬರೆದವರು ಆಟಗಾರರೇ. ಮಗುವಾಗಿದ್ದಾಗಲೇ ಪೋಲಿಯೋದಿಂದ ಮೈ ಸೋತ ಮಾಲತಿ ಹೊಳ್ಳ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿ, 1995ರಲ್ಲಿ ಅರ್ಜುನ ಪ್ರಶಸ್ತಿಯನ್ನೂ 2001ರಲ್ಲಿ ಪದ್ಮಶ್ರೀಯನ್ನೂ ಪಡೆದರು. ಸ್ವತಃ ದೃಷ್ಟಿಹೀನರಾದ ಜಿ. ಕೆ. ಮಹಾಂತೇಶರು 1997ರಲ್ಲಿ ‘ಸಮರ್ಥನಂ’ ಸಂಸ್ಥೆಯನ್ನು ಸ್ಥಾಪಿಸಿ, ಅಂಧರ ಕ್ರಿಕೆಟಿಗೆ ಬೆಂಗಳೂರಿನಲ್ಲಿ ನೆಲೆ ಕಲ್ಪಿಸಿದರು. 1922ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಅಂಧ ಕಾರ್ಮಿಕರು ಡಬ್ಬಿಯೊಳಗೆ ಕಲ್ಲು ಹಾಕಿ, ಅದು ಗಲಗಲಿಸುವ ಸದ್ದನ್ನು ಹಿಡಿದು ಆಡಿದ ಆಟ ಇದು. 2012ರ ಡಿಸೆಂಬರಿನಲ್ಲಿ ಅಂಧರ ಮೊದಲ ಟಿ-20 ವಿಶ್ವಕಪ್ ಬೆಂಗಳೂರಿನಲ್ಲಿಯೇ ನಡೆದು, ಭಾರತ ಪಾಕಿಸ್ತಾನವನ್ನು ಸೋಲಿಸಿತು. ಗೆದ್ದ ತಂಡದ ನಾಯಕ ಶೇಖರ್ ನಾಯ್ಕ ಶಿವಮೊಗ್ಗ ಜಿಲ್ಲೆಯವರು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟುವವರೆಗೆ ಚನ್ನಗಿರಿಯೂ ಅದೇ ಜಿಲ್ಲೆಗೆ ಸೇರಿದ್ದುದರಿಂದ ನಮ್ಮವರಿಗೆ ಅವರ ಮೇಲೆ ಒಂದಿಷ್ಟು ಹೆಚ್ಚಿನ ಅಭಿಮಾನ. 2017ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ಅಂಧರ ಕ್ರಿಕೆಟ್ ಒಂದು ಪಾಠವನ್ನು ಕಲಿಸುತ್ತದೆ. ಚೆಂಡಿನ ಸದ್ದು ಆಟಗಾರರ ಕಿವಿಗೆ ಬೀಳಬೇಕಾದರೆ ಚೆಂಡು ಚಲಿಸುವಷ್ಟು ಹೊತ್ತು ಪ್ರೇಕ್ಷಕರು ಮೌನವಾಗಿರಬೇಕು. ಕಣ್ಣುಳ್ಳವರು ಕಣ್ಣಿಲ್ಲದವರಿಗಾಗಿ ತಮ್ಮ ಅಭ್ಯಾಸವನ್ನು ಸ್ವಲ್ಪ ಬದಲಿಸಿಕೊಂಡರೆ ಆಟ ಸಾಗುತ್ತದೆ. ಪ್ರೇಕ್ಷಕರ ಸಾಲಿನಲ್ಲಿಯೂ ಅಷ್ಟೆ. ಅಂಧ ಅಭಿಮಾನಿಯ ಕಿವಿಗೆ ಪಂದ್ಯದ ವಿವರಣೆಯನ್ನು ತಲಪಿಸುವ ಏರ್ಪಾಡಿದ್ದರೆ ಸಾಕು, ರೇಡಿಯೋದಲ್ಲಿ ಸಿಕ್ಕದ ಜನಸಾಗರದ ಮೊರೆತ, ಪಕ್ಕದವನ ಉದ್ವೇಗ ಎಲ್ಲವೂ ಅವನದಾಗುತ್ತವೆ.

ಹೊರದೇಶಗಳಲ್ಲಿಯೂ ಈ ಕೆಲಸ ಆಟಗಾರರಿಂದಲೇ ಮೊದಲಾಯಿತು. 1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಅವರು ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರಿಗೆ ಏರ್ಪಡಿಸಿದ ಬಿಲ್ಲುಗಾರಿಕೆಯ ಪಂದ್ಯವೇ ಬೆಳೆದು ಪ್ಯಾರಾಲಿಂಪಿಕ್ಸ್ ಆಯಿತು. ಪ್ರೇಕ್ಷಕರ ಸಂಘಟನೆ ಬಂದುದು ತಡವಾಗಿ. ಬ್ರಿಟನ್ನಿನ ಅಂಗವಿಕಲ ಫುಟ್‌ಬಾಲ್ ಅಭಿಮಾನಿಗಳು 1998ರಲ್ಲಿ ತಮ್ಮದೇ ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಅದು ಈಗ ‘ಲೆವೆಲ್ ಪ್ಲೇಯಿಂಗ್ ಫೀಲ್ಡ್’ ಎಂದು ಹೆಸರಾಗಿದೆ. ಯುರೋಪಿನ ಇತರ ದೇಶಗಳಿಗಾಗಿ 2009ರಲ್ಲಿ ಮತ್ತೊಂದು ಸಂಸ್ಥೆ ಹುಟ್ಟಿತು.

ಅಮೆರಿಕದಲ್ಲಿ ವ್ಯಾಜ್ಯ ಕೋರ್ಟಿನ ಮೆಟ್ಟಿಲೇರಿತು. ವಾಷಿಂಗ್ಟನ್ನಿನಲ್ಲಿ ಹೊಸ ಕ್ರೀಡಾಂಗಣವೊಂದು ಏಳುತ್ತಿದ್ದಾಗ, ಪಾರ್ಶ್ವವಾಯು ಪೀಡಿತ ಮಾಜಿ ಸೈನಿಕರ ಸಂಘ 1996ರಲ್ಲಿ ದಾವೆ ಹೂಡಿತು. ಗಾಲಿಕುರ್ಚಿಗಳಿಗೆ ಸ್ಥಳವಿದ್ದಿತು, ನಿಜ. ಆದರೆ ಆಟ ರಂಗೇರಿದಾಗ ಮುಂದಿನವರು ಎದ್ದು ನಿಲ್ಲುತ್ತಾರೆ, ಆಗ ಹಿಂದೆ ಕುಳಿತವನಿಗೆ ಕಾಣುವುದು ಅವರ ಬೆನ್ನು ಮಾತ್ರ. ಎದ್ದು ನಿಂತವರ ತಲೆಯ ಮೇಲಿನಿಂದಲೂ ಕಾಣುವಂತೆ ಹೆಚ್ಚುಕಡಮೆ ಎಲ್ಲ ಗಾಲಿಕುರ್ಚಿಯ ಸ್ಥಳಗಳೂ ಇರಬೇಕೆಂದು ನ್ಯಾಯಾಲಯ ಒಪ್ಪಿತು. ಒಳಗೆ ಬಿಟ್ಟ ಮಾತ್ರಕ್ಕೆ ಪ್ರವೇಶ ಕೊಟ್ಟಂತಾಗಲಿಲ್ಲ, ಆಟ ಕಂಡರೆ ತಾನೆ ಪ್ರವೇಶ ಎಂಬುದೇ ಇದರ ತಾತ್ಪರ್ಯ.

ನಮ್ಮ ದೇಶದ ಕಾನೂನಿನ ದಾರಿಯೂ ಉದ್ದವಾದುದೇ. 1995ರ ಅಂಗವಿಕಲರ ಅಧಿನಿಯಮ ಸಾರ್ವಜನಿಕ ಕಟ್ಟಡಗಳಿಗೆ ಇಳಿಜಾರು ದಾರಿ ಬೇಕೆಂದು ಹೇಳಿತು. ಹೇಳಿದ ಉಸಿರಿನಲ್ಲಿಯೇ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಷರತ್ತನ್ನೂ ಸೇರಿಸಿತು. ಹಣವಿಲ್ಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಆಸರೆ ಬೇರೆ ಬೇಕೆ? 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆ ಕ್ರೀಡಾಸ್ಥಳಗಳಿಗೆ ಪ್ರವೇಶವನ್ನು ಹೆಸರಿಟ್ಟೇ ಹೇಳಿತು. ಭಾರತ 2007ರಲ್ಲಿ ಅದಕ್ಕೆ ಸಮ್ಮತಿಯಿತ್ತಿತು. 2016ರ ಅಧಿನಿಯಮ ‘ಸಾರ್ವಜನಿಕ ಕಟ್ಟಡ’ದ ಅರ್ಥವನ್ನು ವಿಸ್ತರಿಸಿ, ಮನರಂಜನೆಗಾಗಿ ಜನ ಸೇರುವ ಖಾಸಗಿ ಕಟ್ಟಡಗಳನ್ನೂ ಅದರೊಳಗೆ ತಂದಿತು, ಇರುವ ಕಟ್ಟಡಗಳನ್ನು ಸರಿಪಡಿಸಲು ನಿಯಮಗಳು ಹೊರಟಂದಿನಿಂದ ಐದು ವರ್ಷಗಳ ಗಡುವಿತ್ತಿತು. 2017ರಲ್ಲಿ ನಿಯಮಗಳು ಹೊರಟವು. ಗಡುವು 2022ಕ್ಕೇ ಮುಗಿಯಿತು.

ಇಲ್ಲಿ ರಾಜೀವ್ ರತೂರಿ ಎಂಬವರ ಹೆಸರನ್ನು ನೆನೆಯಬೇಕು. ದೃಷ್ಟಿದೋಷವುಳ್ಳ ಇವರು 2005ರಲ್ಲಿಯೇ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದರು. 2024ರ ನವೆಂಬರ್ 8ರಂದು ಕೋರ್ಟು, ಕೇವಲ ಸಲಹೆಯ ರೂಪದಲ್ಲಿದ್ದ ಪ್ರವೇಶ ನಿಯಮ ಮೂಲ ಅಧಿನಿಯಮಕ್ಕೆ ವಿರುದ್ಧವೆಂದು ತೀರ್ಮಾನಿಸಿ, ಕಡ್ಡಾಯ ನಿಯಮಗಳನ್ನು ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ಆಜ್ಞೆ ಮಾಡಿತು. ಅರ್ಜಿಗೂ ಆಜ್ಞೆಗೂ ನಡುವೆ 19 ವರ್ಷಗಳು!

ಇಷ್ಟೆಲ್ಲ ಆದಮೇಲೆ ಚನ್ನಗಿರಿಯಲ್ಲಿ ಇಂದು ಗಾಲಿಕುರ್ಚಿ ಬಳಸುವ ಒಬ್ಬ ತರುಣನಿದ್ದಾನೆಂದು ಇಟ್ಟುಕೊಳ್ಳೋಣ. ಬೆಂಗಳೂರಿನ ಪಂದ್ಯಕ್ಕೆ ಹೋಗಬೇಕೆಂದು ಅವನ ಮನಸ್ಸು. ಊರಿಗೆ ರೈಲಿಲ್ಲ. ಬಸ್ಸಿನ ಮೆಟ್ಟಿಲು ಎತ್ತರ. ಸಾರಿಗೆ ನಿಗಮದ ರಿಯಾಯಿತಿ ಪಾಸು ನಡೆಯುವುದು ವಾಸಸ್ಥಳದಿಂದ 100 ಕಿಲೋಮೀಟರಿನವರೆಗೆ. ಶಿವಮೊಗ್ಗ, ದಾವಣಗೆರೆ ಅದರೊಳಗೆ ಬರುತ್ತವೆ, ಬೆಂಗಳೂರು ಅದರ ಎರಡರಷ್ಟಕ್ಕೂ ಮೀರಿದ ದೂರ. ಅಂತೂ ತಲಪಿದನೆನ್ನೋಣ. ಯಾವ ಬಾಗಿಲಿನಲ್ಲಿ ಇಳಿಜಾರಿದೆ, ಜೊತೆಗೆ ಬಂದ ಅಣ್ಣನಿಗೆ ಪಕ್ಕದಲ್ಲೇ ಸ್ಥಳವುಂಟೆ, ಗಾಲಿಕುರ್ಚಿ ಒಳಹೋಗುವಷ್ಟು ಶೌಚಾಲಯದ ಬಾಗಿಲು ಅಗಲವಿದೆಯೆ? ಟಿಕೆಟು ಕೊಳ್ಳುವ ಮೊದಲೇ ಅವನಿಗೆ ಇದು ತಿಳಿಯಬೇಕು. ಒಂದು ಕಡೆ ಸರಪಳಿ ಕಡಿದರೂ ಪಂದ್ಯ ತಪ್ಪಿತೆಂದೇ ಲೆಕ್ಕ.

ಬಾಗಿಲುಗಳ ವಿಷಯ ಅಂಗವಿಕಲರಿಗೆ ಮಾತ್ರ ಸೇರಿದ್ದಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಬಿಟ್ಟರು. ಗಟ್ಟಿ ಕಾಲುಗಳಿದ್ದ ಯುವಕರಿಗೇ ಆ ಗತಿಯಾದರೆ ಊರುಗೋಲಿನವನ ಪಾಡೇನು? ಅಗಲವಾದ ದಾರಿ, ಸ್ಪಷ್ಟವಾದ ಸೂಚನೆ, ನಿಲ್ಲಲು ತೆರಪು ಇವು ದುರ್ಬಲನಿಗೆಂದು ಮಾಡಿದರೂ ಕಾಪಾಡುವುದು ಎಲ್ಲರನ್ನೂ.

ಸಣ್ಣ ಊರುಗಳಿಗೆ ಇಲ್ಲೊಂದು ಅನುಕೂಲವುಂಟು. ಇಳಿಜಾರು ದಾರಿಯ ಲೆಕ್ಕ ಒಂದಕ್ಕೆ ಹನ್ನೆರಡು: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಹನ್ನೆರಡು ಅಡಿ ಎತ್ತರದ ಸಾಲಿಗೆ ಹೋಗಬೇಕಾದರೆ 144 ಅಡಿ ದಾರಿ, ನಡುನಡುವೆ ಉಸಿರಾಡಲು ಸಮತಟ್ಟು ತಂಗುದಾಣಗಳು ಬೇರೆ. ನಗರದ ಹಳೆಯ ಕಟ್ಟಡದಲ್ಲಿ ಇದಕ್ಕೆ ಸ್ಥಳ ಹುಡುಕುವುದು ಕಷ್ಟ. ತಾಲ್ಲೂಕಿನ ಬಯಲು ಮೈದಾನದಲ್ಲಿ ಅಷ್ಟು ಏರಬೇಕಾದುದೇ ಇಲ್ಲ. ಬಾಗಿಲಿನಿಂದ ಅಂಕಣದ ಅಂಚಿನವರೆಗೆ ಗಟ್ಟಿಯಾದ ಸಮ ದಾರಿ, ತುಸು ಎತ್ತರಿಸಿದ ಕಟ್ಟೆ, ಅದಕ್ಕೊಂದು ಇಳಿಜಾರು, ನೆರಳು, ಹತ್ತಿರದಲ್ಲಿ ಶೌಚಾಲಯ ಇಷ್ಟಿದ್ದರೆ ಕಬಡ್ಡಿಯನ್ನೂ ಕುಸ್ತಿಯನ್ನೂ ಎಲ್ಲರೂ ನೋಡಬಹುದು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷ 24 ಸಾವಿರ. ಇವರಲ್ಲಿ ಬಹಳ ಮಂದಿಗೆ ಮೊದಲು ತೆರೆಯಬೇಕಾದುದು ತಮ್ಮ ಊರಿನ ಮೈದಾನವೇ.

ನಮ್ಮ ಬೀದಿಯ ಹಿರಿಯರ ನೆನಪು ಮತ್ತೆ ಬರುತ್ತದೆ. ಕುಸ್ತಿಯ ಕಣದಲ್ಲಿ ಅವರಿಗೆ ಮುಂದಿನ ಸಾಲು ಸಿಕ್ಕಿತೆಂದು ಹಳೆಯ ಕಾಲವನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಒಂದು ವರ್ಷ ಅವರ ತಮ್ಮನ ಮಗ ಜ್ವರದಲ್ಲಿ ಮಲಗಿದ. ಆ ವರ್ಷ ಅವರು ಕುಸ್ತಿ ನೋಡಲಿಲ್ಲ. ಯಾರನ್ನಾದರೂ ಕರೆಯಬಹುದಾಗಿದ್ದಿತಲ್ಲಾ ಎಂದು ಮನೆಯವರು ಕೇಳಿದರೆ, “ಎಷ್ಟು ಜನರ ಬೆನ್ನು ಕೇಳಾಣ?” ಎಂದರಂತೆ. ದಾರಿಯೊಂದಿದ್ದರೆ ಅವರು ಯಾರ ಬೆನ್ನನ್ನೂ ಕೇಳಬೇಕಾಗಿರಲಿಲ್ಲ.