ಮೂಳೆ ಓದಲು ಕಲಿತ ವಿದ್ಯಾರ್ಥಿಗಳು

ಅರ್ಜೆಂಟೀನಾದ ಸ್ಮಶಾನಗಳ ದಾಖಲೆ ಪುಸ್ತಕಗಳಲ್ಲಿ 1976ರ ನಂತರ ಎರಡು ಅಕ್ಷರ ಮತ್ತೆ ಮತ್ತೆ ಕಾಣಿಸುತ್ತವೆ: ಎನ್.ಎನ್. ಹೆಸರು ಗೊತ್ತಿಲ್ಲದ ಹೆಣ ಎಂದು ಅದರ ಅರ್ಥ. ಆ ವರ್ಷ ಮಾರ್ಚ್ 24ರಂದು ಸೇನೆ ಅಧಿಕಾರ ಕಿತ್ತುಕೊಂಡಿತ್ತು. 1983ರ ಡಿಸೆಂಬರ್‌ವರೆಗೆ ನಡೆದ ಆ ಆಳ್ವಿಕೆಯಲ್ಲಿ ಕಾರ್ಮಿಕ ಮುಖಂಡರನ್ನು, ವಿದ್ಯಾರ್ಥಿಗಳನ್ನು, ವಕೀಲರನ್ನು, ಪತ್ರಕರ್ತರನ್ನು ಮನೆಯಿಂದ, ಬೀದಿಯಿಂದ ಹೊತ್ತೊಯ್ದರು. ಬಹಳಷ್ಟು ಜನ ವಾಪಸ್ ಬರಲೇ ಇಲ್ಲ. ಚುನಾಯಿತ ಸರ್ಕಾರ ಬಂದ ಮೇಲೆ ಲೇಖಕ ಅರ್ನೆಸ್ಟೊ ಸಾಬಾಟೊ ಅಧ್ಯಕ್ಷತೆಯ ಆಯೋಗ 8,961 ಮಂದಿಯನ್ನು ಲೆಕ್ಕಕ್ಕೆ ತಂದಿತು. ಮಾನವ ಹಕ್ಕು ಸಂಘಟನೆಗಳು ಹೇಳುವ ಸಂಖ್ಯೆ 30,000.

ಸೇನೆ ಹೋದ ಕೂಡಲೇ ಜನ ಮಾಡಿದ ಮೊದಲ ಕೆಲಸ ಸ್ಮಶಾನಕ್ಕೆ ಓಡಿದ್ದು. 1984ರ ಆರಂಭದಲ್ಲಿ ನ್ಯಾಯಾಧೀಶರು ಗುಂಡಿ ತೆಗೆಯಲು ಆದೇಶ ಕೊಟ್ಟರು, ಬುಲ್ಡೋಜರ್‌ಗಳು ಬಂದವು. ಒಬ್ಬರ ತಲೆಬುರುಡೆ ಇನ್ನೊಬ್ಬರ ಪಕ್ಕೆಲುಬಿನ ಜೊತೆ ಸೇರಿ ಒಂದೇ ಚೀಲಕ್ಕೆ ಹೋಯಿತು. ಗುಂಡು, ಗುಂಡಿ, ಹಲ್ಲು ಮಣ್ಣಿನಲ್ಲೇ ಉಳಿದವು. ನಮ್ಮ ಕಡೆ ಜೆಸಿಬಿ ಅಗೆಯುವುದನ್ನು ನೋಡಲು ನಿಲ್ಲುವ ಜನರ ಹಾಗೆ ಅಲ್ಲೂ ಜನ ಸೇರಿದ್ದರು. ವ್ಯತ್ಯಾಸವೆಂದರೆ ಅಲ್ಲಿ ನಿಂತವರಲ್ಲಿ ಸತ್ತವರ ತಾಯಂದಿರೂ ಇದ್ದರು.

ಇದನ್ನು ನೋಡಿ ಆಯೋಗ ಮತ್ತು 'ಪ್ಲಾಸಾ ದೆ ಮಾಯೊ ಅಜ್ಜಿಯರು' ಸಂಘಟನೆ ಅಮೆರಿಕದ ವಿಜ್ಞಾನಿಗಳ ಸಹಾಯ ಕೇಳಿದವು. ಬಂದವರಲ್ಲಿ ಕ್ಲೈಡ್ ಸ್ನೋ ಒಬ್ಬರು. ಒಕ್ಲಹೋಮಾದವರು, ಮೂಳೆ ನೋಡಿ ಸತ್ತವರನ್ನು ಗುರುತಿಸುವ ಮಾನವಶಾಸ್ತ್ರಜ್ಞ. 1979ರ ಷಿಕಾಗೊ ವಿಮಾನ ದುರಂತದ ದೇಹಗಳನ್ನು ಗುರುತಿಸುವಲ್ಲಿ ಕೆಲಸ ಮಾಡಿದ್ದವರು. ಬ್ಯೂನಸ್ ಐರಿಸ್‌ನಲ್ಲಿ ಚೀಲಗಳನ್ನು ನೋಡಿದವರೇ, ಅಗೆಯುವುದನ್ನು ನಿಲ್ಲಿಸಿ ಅಂದರು. ಮನೆಯವರು ಮಾತ್ರ ಕಾಯುವ ಸ್ಥಿತಿಯಲ್ಲಿರಲಿಲ್ಲ. ಸರಿಯಾಗಿ ಅಗೆಯುವ ಕೈಗಳು ಬೇಕಿತ್ತು, ಹಿರಿಯ ಪುರಾತತ್ವಜ್ಞರು ಯಾರೂ ಮುಂದೆ ಬರಲಿಲ್ಲ. ಹೆದರಿಕೆಗೆ ಕಾರಣವೂ ಇತ್ತು. ಸರ್ಕಾರ ಬದಲಾಗಿತ್ತು, ಪೊಲೀಸರು ಬದಲಾಗಿರಲಿಲ್ಲ. ಸೇನೆ ಮತ್ತೆ ಬರುವುದಿಲ್ಲ ಎಂದು ಯಾರೂ ಬರೆದುಕೊಟ್ಟಿರಲಿಲ್ಲ.

ಸ್ನೋ ಅವರ ಮಾತನ್ನು ಅನುವಾದಿಸುತ್ತಿದ್ದವನು ಮೋರಿಸ್ ಟಿಡ್‌ಬಾಲ್ ಬಿನ್ಸ್ ಎಂಬ ವೈದ್ಯಕೀಯ ವಿದ್ಯಾರ್ಥಿ. ಮಾನವಶಾಸ್ತ್ರ ಓದುವ ಗೆಳೆಯರಿದ್ದಾರೆ, ಕೇಳುತ್ತೇನೆ ಅಂದ. ಪಟ್ರೀಸಿಯಾ ಬೆರ್ನಾರ್ಡಿ, ಮೆರ್ಸೆಡೆಸ್ ಡೊರೆಟ್ಟಿ, ಲೂಯಿಸ್ ಫಾಂಡೆಬ್ರೀಡರ್ ಮತ್ತಿತರರು ಹೋಟೆಲಿಗೆ ಬಂದರು. ಇಪ್ಪತ್ತರ ಆಸುಪಾಸಿನವರು. ಕಾಣೆಯಾದವರಲ್ಲಿ ಹೆಚ್ಚಿನವರು ಇವರಿಗಿಂತ ಸ್ವಲ್ಪವೇ ದೊಡ್ಡವರು. ಯೋಚಿಸಲು ಸಮಯ ಬೇಕು ಎಂದು ಎದ್ದು ಹೋದರು. ಇವರು ಮತ್ತೆ ಬರುವುದಿಲ್ಲ ಎಂದೇ ಸ್ನೋ ಅಂದುಕೊಂಡಿದ್ದರಂತೆ. ಬಂದರು. 1984ರ ಜೂನ್ ಕೊನೆಯಲ್ಲಿ, ಅಲ್ಲಿನ ಚಳಿಗಾಲದಲ್ಲಿ, ಪೊಲೀಸರು ನೋಡುತ್ತಾ ನಿಂತಿರುವಾಗಲೇ ಮೊದಲ ಗುಂಡಿಗೆ ಇಳಿದರು. ಗೋರಿಯೇ ಅವರ ತರಗತಿ. ಅಳುವುದಿದ್ದರೆ ರಾತ್ರಿ ಅಳಿ, ಹಗಲು ಕೆಲಸ ಮಾಡಿ ಎಂಬುದು ಮೇಷ್ಟ್ರ ನಿಯಮ.

ಕಲಿತದ್ದೇನು? ಮೊದಲು, ಆತುರ ಬಿಡುವುದು. ಗಾರೆ ಕೆಲಸದವರ ಕರಣೆ, ಕುಂಚ, ಮರದ ಕಡ್ಡಿಗಳಿಂದ ಪದರ ಪದರವಾಗಿ ಮಣ್ಣು ತೆಗೆಯಬೇಕು. ಮೂಳೆಯನ್ನು ಅಲುಗಿಸುವ ಮೊದಲು ಚಿತ್ರ ಬರೆಯಬೇಕು, ಫೋಟೊ ತೆಗೆಯಬೇಕು. ಮಣ್ಣನ್ನೆಲ್ಲ ಜರಡಿ ಹಿಡಿಯಬೇಕು. ಬಿದ್ದ ಹಲ್ಲು, ಗುಂಡಿನ ಚೂರು ಸಿಗುವುದು ಅಲ್ಲೇ. ಆಮೇಲೆ ಓದುವ ಕೆಲಸ. ಸೊಂಟದ ಮೂಳೆ ಹೆಣ್ಣೋ ಗಂಡೋ ಎಂದು ಹೇಳುತ್ತದೆ. ತೊಡೆಮೂಳೆಯ ಉದ್ದದಿಂದ ಎತ್ತರದ ಅಂದಾಜು. ವಯಸ್ಸಿಗೆ ಮೂಳೆಗಳ ತುದಿ ನೋಡಬೇಕು: ಕೊರಳೆಲುಬಿನ ಒಳತುದಿ ಪೂರ್ತಿ ಕೂಡಿಕೊಳ್ಳುವುದು ಇಪ್ಪತ್ತು ದಾಟಿ ಎಷ್ಟೋ ವರ್ಷಗಳ ಮೇಲೆ. ಚಿಕ್ಕಂದಿನಲ್ಲಿ ಸೈಕಲ್‌ನಿಂದ ಬಿದ್ದು ಮುರಿದ ಕೈ, ದಂತವೈದ್ಯರು ತುಂಬಿದ ಹಲ್ಲು, ಇವೂ ಸಾಕ್ಷಿಗಳೇ. ಆದರೆ ಅದನ್ನು ನೆನಪಿಟ್ಟುಕೊಂಡು ಹೇಳಲು ಒಬ್ಬ ಅಮ್ಮ ಇರಬೇಕು. ಹಾಗಾಗಿ ಈ ಹುಡುಗರು ಮನೆಮನೆಗೆ ಹೋಗಿ ಕೂತು ಕೇಳುವುದನ್ನೂ ಕಲಿತರು.

ಪತ್ರಿಕೋದ್ಯಮ ಓದಿದ ನಮಗೆ ಅವರ ಇನ್ನೊಂದು ಕೆಲಸ ಹೆಚ್ಚು ಹಿಡಿಸಿತು. ಕೊಲೆ ಗುಟ್ಟಾಗಿ ನಡೆದಿತ್ತು, ಆದರೆ ಹೆಣ ಬೀದಿಯಲ್ಲಿ ಸಿಕ್ಕ ಮೇಲೆ ಕಚೇರಿಗಳು ಎಂದಿನಂತೆ ನಡೆದಿದ್ದವು. ಪೊಲೀಸರು ಬೆರಳಚ್ಚು ತೆಗೆದಿದ್ದರು, ವೈದ್ಯರು ಮರಣಪತ್ರ ಬರೆದಿದ್ದರು, ಸ್ಮಶಾನದ ಗುಮಾಸ್ತ ಗೋರಿಯ ಸಂಖ್ಯೆ ನಮೂದಿಸಿದ್ದ. ಈ ಕಾಗದಗಳನ್ನು ಜೋಡಿಸಿದಾಗ ಒಂದು ಚಿತ್ರ ಬಂತು. ಸಾಮಾನ್ಯವಾಗಿ ಅನಾಥ ಹೆಣಗಳಲ್ಲಿ ಹೆಚ್ಚಿನವು ವಯಸ್ಸಾದವರವು. ದಮನದ ವರ್ಷಗಳಲ್ಲಿ ಎನ್.ಎನ್. ಪಟ್ಟಿಯಲ್ಲಿ ಗುಂಡೇಟು ಬಿದ್ದ ಎಳೆಯರು ತುಂಬಿದ್ದರು. ಅಗೆಯುವ ಮೊದಲೇ ಎಲ್ಲಿ ಅಗೆಯಬೇಕು ಎಂಬುದನ್ನು ಹೇಳಿದ್ದು ಹೀಗೆ ಗುಮಾಸ್ತರ ಕೈಬರಹ.

1985ರಲ್ಲಿ ಸೇನಾ ಮುಖಂಡರ ವಿಚಾರಣೆ ನಡೆದಾಗ ಸ್ನೋ ಸ್ಲೈಡ್‌ಗಳನ್ನು ತೋರಿಸುತ್ತಾ ಸಾಕ್ಷಿ ಹೇಳಿದರು. ಅದರಲ್ಲಿ ಒಬ್ಬ ಯುವತಿಯ ಅಸ್ಥಿಪಂಜರವಿತ್ತು. ಗುಂಡಿನ ಚಕಮಕಿಯಲ್ಲಿ ಸತ್ತಳು ಎಂಬುದು ಸರ್ಕಾರಿ ಕಥೆ. ತಲೆಬುರುಡೆ ಬೇರೆ ಕಥೆ ಹೇಳಿತು: ಹಿಂದಿನಿಂದ, ತೀರಾ ಹತ್ತಿರದಿಂದ ಹೊಡೆದ ಗುಂಡು. ಆಕೆ ಹೆತ್ತಿದ್ದಳು ಎಂಬುದಕ್ಕೂ ಸೊಂಟದ ಮೂಳೆಯಲ್ಲಿ ಗುರುತಿದೆ ಎಂದರು. ಇಲ್ಲಿ ಒಂದು ಮಾತು ಸೇರಿಸಬೇಕು. ಹೆರಿಗೆಯ ಗುರುತು ಮೂಳೆಯಲ್ಲಿ ಖಚಿತವಾಗಿ ಉಳಿಯುತ್ತದೆ ಎಂಬುದನ್ನು ನಂತರದ ಸಂಶೋಧನೆ ಒಪ್ಪುವುದಿಲ್ಲ. ಒಬ್ಬ ಮಹಾನ್ ಗುರು ಹೇಳಿದ ಎಂಬ ಕಾರಣಕ್ಕೆ ಮೂಳೆ ಸಾಕ್ಷಿ ನುಡಿಯುವುದಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಮಾಜಿ ಸರ್ವಾಧಿಕಾರಿ ವಿಡೇಲಾಗೆ ಜೀವಾವಧಿ ಶಿಕ್ಷೆಯಾಯಿತು.

ಹೆತ್ತ ಮಗು ಎಲ್ಲಿ ಎಂಬುದೇ ಅಜ್ಜಿಯರ ಪ್ರಶ್ನೆ. ಬಂಧನದಲ್ಲಿ ಹುಟ್ಟಿದ ಕೂಸುಗಳನ್ನು ಸೇನೆಗೆ ಬೇಕಾದವರ ಮನೆಗಳಿಗೆ ಹಂಚಿದ್ದರು. ಅಪ್ಪ ಅಮ್ಮ ಇಬ್ಬರೂ ಇಲ್ಲದಿರುವಾಗ ಮಗು ಯಾರದೆಂದು ತೋರಿಸುವುದು ಹೇಗೆ? ತಳಿವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ಮತ್ತು ಜೊತೆಗಾರರು ಅಜ್ಜ ಅಜ್ಜಿಯರ ರಕ್ತದಿಂದಲೇ ನಂಟನ್ನು ಲೆಕ್ಕ ಹಾಕುವ ದಾರಿ ಕಂಡುಕೊಂಡರು. ಮೊದಲಿಗೆ ರಕ್ತಕಣಗಳ ಗುರುತುಗಳು, ಆಮೇಲೆ ಮೈಟೊಕಾಂಡ್ರಿಯಾದ ಡಿಎನ್‌ಎ. ಇದು ತಾಯಿಯಿಂದ ಮಾತ್ರ ಬರುತ್ತದೆ, ಹಾಗಾಗಿ ಅಮ್ಮನ ಅಮ್ಮನಿಗೂ ಮೊಮ್ಮಗುವಿಗೂ ಒಂದೇ. ಒಂದೊಂದು ಜೀವಕೋಶದಲ್ಲೂ ಇದರ ಪ್ರತಿಗಳು ಬಹಳ, ಹಾಗಾಗಿ ಹಳೆಯ ಮೂಳೆಯಲ್ಲೂ ಉಳಿದಿರುವ ಸಾಧ್ಯತೆ ಹೆಚ್ಚು. ಅಜ್ಜಿಯರು ಸತ್ತರೂ ಹುಡುಕಾಟ ನಿಲ್ಲಬಾರದೆಂದು 1987ರಲ್ಲಿ ಕಾನೂನು ಮಾಡಿ ವಂಶವಾಹಿ ಮಾಹಿತಿಯ ರಾಷ್ಟ್ರೀಯ ಭಂಡಾರ ತೆರೆದರು. ಇದುವರೆಗೆ 130ಕ್ಕೂ ಹೆಚ್ಚು ಮೊಮ್ಮಕ್ಕಳು ಪತ್ತೆಯಾಗಿದ್ದಾರೆ.

ಎಲ್ಲ ತಾಯಂದಿರೂ ಇದನ್ನು ಬಯಸಿದ್ದರು ಎಂದುಕೊಳ್ಳಬೇಡಿ. ಹೆಬೆ ದೆ ಬೊನಾಫಿನಿ ಮುಂದಾಳತ್ವದ ತಾಯಂದಿರ ಗುಂಪು ಗೋರಿ ಅಗೆಯುವುದನ್ನೇ ವಿರೋಧಿಸಿತು. ಜೀವಂತ ಒಯ್ದವರನ್ನು ಜೀವಂತ ತಂದುಕೊಡಿ. ಒಂದು ಪೆಟ್ಟಿಗೆ ಮೂಳೆ ಕೊಟ್ಟು ಕೊಂದವರ ಲೆಕ್ಕ ಮುಗಿಸಬೇಡಿ ಎಂಬುದು ಅವರ ವಾದ. ಇದನ್ನು ಮೂಢತನ ಎನ್ನಲು ನಮಗೆ ಮನಸ್ಸಿಲ್ಲ. ಮುಂದಿನ ಸರ್ಕಾರಗಳು ಕ್ಷಮಾದಾನ ಕೊಟ್ಟು ವಿಡೇಲಾನನ್ನೂ ಬಿಟ್ಟಾಗ ಅವರ ಅನುಮಾನ ಸುಳ್ಳೆಂದು ಹೇಳುವಂತಿರಲಿಲ್ಲ. ವಿದ್ಯಾರ್ಥಿಗಳ ತಂಡ ಒಂದು ನಿಯಮ ಇಟ್ಟುಕೊಂಡಿತು: ಮನೆಯವರಿಗೆ ಬೇಡವಾದರೆ ಒತ್ತಾಯವಿಲ್ಲ.

ತಾಯಂದಿರ ಚಳವಳಿ ಶುರುಮಾಡಿದ ಅಸುಸೆನಾ ವಿಯಾಫ್ಲೋರ್ ಅವರನ್ನೇ 1977ರ ಡಿಸೆಂಬರಿನಲ್ಲಿ ಹೊತ್ತೊಯ್ದಿದ್ದರು. ಅದೇ ತಿಂಗಳು ಕಡಲು ಕೆಲವು ಹೆಣಗಳನ್ನು ದಡಕ್ಕೆ ತಂದು ಹಾಕಿತು. ಜೆನರಲ್ ಲವಾಯೆ ಎಂಬ ಊರಿನ ಸ್ಮಶಾನದಲ್ಲಿ ಎನ್.ಎನ್. ಎಂದೇ ಹೂತರು. 2005ರಲ್ಲಿ, ಅಷ್ಟರಲ್ಲಿ ಹೆಸರಾಂತ ತಜ್ಞರಾಗಿದ್ದ ಆ ಹಳೆಯ ವಿದ್ಯಾರ್ಥಿಗಳು ಆ ಮೂಳೆಗಳನ್ನು ಗುರುತಿಸಿದರು. ಹೆಸರು ಕೊಟ್ಟಿದ್ದು ಡಿಎನ್‌ಎ. ಹೇಗೆ ಸತ್ತರೆಂದು ಹೇಳಿದ್ದು ಮೂಳೆ ಮುರಿದ ರೀತಿ: ಎತ್ತರದಿಂದ ಬಿದ್ದಾಗ ಆಗುವ ಮುರಿತ. ಬಂಧಿತರನ್ನು ವಿಮಾನದಿಂದ ಕಡಲಿಗೆ ಎಸೆಯುತ್ತಿದ್ದರು ಎಂಬ ಮಾತಿಗೆ ದೇಹದ ಸಾಕ್ಷಿ ಸಿಕ್ಕಿತು. ಅಂಥ ವಿಮಾನದ ಇಬ್ಬರು ಪೈಲಟ್‌ಗಳಿಗೆ 2017ರಲ್ಲಿ ಜೀವಾವಧಿ ಶಿಕ್ಷೆಯಾಯಿತು.

ನಮ್ಮ ದೇಶದ ಒಂದು ಬಾವಿಯನ್ನು ಇದರ ಪಕ್ಕ ಇಟ್ಟು ನೋಡಬಹುದು. 1857ರಲ್ಲಿ ಬಂಡೆದ್ದ 26ನೇ ನೇಟಿವ್ ಇನ್‌ಫೆಂಟ್ರಿಯ 282 ಸಿಪಾಯಿಗಳನ್ನು ಕೊಂದು ಪಂಜಾಬಿನ ಅಜ್ನಾಲಾದ ಬಾವಿಗೆ ಹಾಕಿದ್ದನ್ನು ಅಮೃತಸರದ ಡೆಪ್ಯುಟಿ ಕಮಿಷನರ್ ಫ್ರೆಡರಿಕ್ ಕೂಪರ್ ತಾನೇ ಬರೆದಿಟ್ಟಿದ್ದ. 2014ರಲ್ಲಿ ಊರವರೇ ಬಾವಿ ಅಗೆದರು. ಉದ್ದೇಶ ಗೌರವದ್ದು, ಆದರೆ ಪುರಾತತ್ವಜ್ಞರು ಇರಲಿಲ್ಲ. ಮೂಳೆಗಳು ಒಡೆದು, ಒಂದರೊಳಗೊಂದು ಬೆರೆತು ಹೋದವು. ಗಟ್ಟಿಯಾಗಿ ಉಳಿದದ್ದು ಸಾವಿರಾರು ಹಲ್ಲು. ಪಂಜಾಬ್ ವಿಶ್ವವಿದ್ಯಾಲಯ, ಹೈದರಾಬಾದಿನ ಸಿಸಿಎಂಬಿ ಮತ್ತಿತರ ಸಂಸ್ಥೆಗಳ ವಿಜ್ಞಾನಿಗಳು ಆ ಹಲ್ಲುಗಳ ಡಿಎನ್‌ಎ ಮತ್ತು ಐಸೊಟೋಪ್‌ಗಳನ್ನು ಪರೀಕ್ಷಿಸಿ, ಇವರು ಪಂಜಾಬಿನವರಲ್ಲ, ಗಂಗಾ ಬಯಲಿನವರು ಎಂದು 2022ರಲ್ಲಿ ಪ್ರಕಟಿಸಿದರು. ಯಾವ ಸೀಮೆಯವರೆಂದು ಹಲ್ಲು ಹೇಳಿತು. ಯಾವ ತಲೆಬುರುಡೆ ಯಾವ ಸಿಪಾಯಿಯದು ಎಂದು ಹೇಳಲು, ಹೋಲಿಸಿ ನೋಡುವುದಕ್ಕೆ ಮನೆಯವರ ರಕ್ತ ಅಲ್ಲಿ ಇರಲಿಲ್ಲ.