ಹಾವಿನ ಉಪವಾಸ

‘ಹಾವಿಗೆ ಹಾಲೆರೆದಂತೆ’ ಎಂಬುದು ನಮ್ಮಲ್ಲಿ ಹಳೆಯ ಮಾತು. ಕೃತಘ್ನನಿಗೆ ಮಾಡಿದ ಉಪಕಾರವನ್ನು ಕುರಿತು ಅದನ್ನು ಆಡುತ್ತೇವೆ. ಹಾವಿನ ಕಡೆಯಿಂದ ನೋಡಿದರೆ ಈ ಗಾದೆಯ ಅರ್ಥವೇ ಬೇರೆಯಾದೀತು. ಹಾಲು ಹಾವಿನ ಆಹಾರವಲ್ಲ. ನಾಗರಪಂಚಮಿಯ ದಿನ ಹಾವಾಡಿಗನ ಬುಟ್ಟಿಯ ಹಾವು ಹಾಲಿಗೆ ಬಾಯಿಟ್ಟರೆ ಅದು ಭಕ್ತಿಗೆ ಮೆಚ್ಚಿ ಅಲ್ಲ; ದಿನಗಟ್ಟಲೆ ನೀರು ಕಾಣದ ಗಂಟಲಿನ ದಾಹದಿಂದ. ಎರೆದವರ ಮನಸ್ಸಿನಲ್ಲಿದ್ದುದು ಉಪಕಾರವೇ. ಆದರೆ ಆ ಪ್ರಾಣಿಗೆ ಬೇಕಾದುದು ಏನೆಂದು ಯೋಚಿಸಿದವರು ಕಡಿಮೆ. ಹಾವುಗಳನ್ನು ಸಾಕಿದ ಮನುಷ್ಯರ ಇತಿಹಾಸ ಬಹುಕಾಲ ಹೀಗೆಯೇ ನಡೆದುಬಂದಿತು.

ಸೆರೆಗೆ ಬಂದ ಹಾವು ಮೊದಲು ಮಾಡುವ ಕೆಲಸ ಉಪವಾಸ. ನಾಯಿಮರಿ ಹೊಸ ಮನೆಗೆ ಬಂದರೆ ಒಂದು ದಿನ ಅತ್ತು ಮರುದಿನ ಅನ್ನಕ್ಕೆ ಬಾಯಿ ಹಾಕುತ್ತದೆ. ಹಾವು ಹಾಗಲ್ಲ. ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ, ಮುಂದಿಟ್ಟ ಆಹಾರವನ್ನು ಮೂಸಿಯೂ ನೋಡದೆ ಸುರುಳಿ ಸುತ್ತಿ ಬಿದ್ದಿರುತ್ತದೆ. ಬೆಳೆದ ಹಾವು ಇದನ್ನು ತಾಳಿಕೊಳ್ಳಬಲ್ಲದು. ಅಮೆರಿಕದ ಮಾರ್ಷಲ್ ಮೆಕ್ಯೂ ಎಂಬ ವಿಜ್ಞಾನಿ 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಸುಮಾರು ಆರು ತಿಂಗಳು ಆಹಾರವಿಲ್ಲದ ಹಾವುಗಳು ತಮ್ಮ ದೇಹದ ವ್ಯಯವನ್ನು ನೂರಕ್ಕೆ 72ರವರೆಗೂ ತಗ್ಗಿಸಿಕೊಂಡುದು ಕಂಡುಬಂದಿತು. ಅಷ್ಟೇ ಅಲ್ಲ, ಆ ಬರಗಾಲದಲ್ಲಿಯೂ ಅವು ಉದ್ದಕ್ಕೆ ಬೆಳೆದವು! ಆದರೆ ಮೊಟ್ಟೆಯೊಡೆದು ಬಂದ ಗೇಣುದ್ದದ ಮರಿಗೆ ಇಷ್ಟು ಬಂಡವಾಳವಿಲ್ಲ. ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿ ತೀರುವುದರೊಳಗೆ ಅದು ಮೊದಲ ತುತ್ತನ್ನು ನುಂಗಬೇಕು, ಇಲ್ಲವೆ ಸಾಯಬೇಕು.

ಈ ಉಪವಾಸವನ್ನು ಮನುಷ್ಯರು ಹೇಗೆ ಅರ್ಥಮಾಡಿಕೊಂಡರು ಎಂಬುದೇ ಒಂದು ಕಥೆ. ಅದರ ಮೊದಲ ಅಧ್ಯಾಯ ನಡೆದದ್ದು ಲಂಡನ್ನಿನಲ್ಲಿ. ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ 1849ರಲ್ಲಿ ಜಗತ್ತಿನ ಮೊದಲ ಸರೀಸೃಪ ಗೃಹ ತೆರೆಯಿತು. ಉಷ್ಣದೇಶಗಳ ಹಾವುಗಳು ಇಂಗ್ಲೆಂಡಿನ ಚಳಿಯಲ್ಲಿ ಗಾಜಿನ ಹಿಂದೆ ಬಂದು ಕುಳಿತವು. ಮೈ ಬೆಚ್ಚಗಿರಲೆಂದು ಅವಕ್ಕೆ ಕಂಬಳಿ ಹಾಕುತ್ತಿದ್ದರು. ಒಂದು ದೊಡ್ಡ ಬೋವಾ ಹಾವು ಮೊಲದ ಮೇಲೆ ಹಾರಿ, ಗುರಿ ತಪ್ಪಿ, ಕಂಬಳಿಯನ್ನೇ ಹಿಡಿದು ನುಂಗಿಬಿಟ್ಟಿತು. ವಾರಗಳಾದ ಮೇಲೆ ಅದನ್ನು ಕಾರಿಕೊಂಡಿತು. ಆ ಕಾಲದ ಓದುಗರು ಇದನ್ನು ಕೇಳಿ ನಕ್ಕಿರಬೇಕು. ಮರೆಯಾಗಲು ಇದ್ದ ಒಂದೇ ವಸ್ತು ಆ ಕಂಬಳಿ ಎಂಬುದನ್ನು ನೆನೆದರೆ ನಗು ಅಷ್ಟಾಗಿ ಬರುವುದಿಲ್ಲ.

ಜೀವಂತ ಮೊಲವನ್ನೋ ಗಿನಿಹಂದಿಯನ್ನೋ ಗೂಡಿಗೆ ಬಿಟ್ಟು, ಹಾವು ಅದನ್ನು ಹಿಡಿಯುವುದನ್ನು ಜನ ನೋಡುವುದು ಅಂದಿನ ಪದ್ಧತಿ. ದಯಾಪರರು ಇದನ್ನು ಪ್ರತಿಭಟಿಸಿದರು. ಹಾವು ಸತ್ತುದನ್ನು ಮುಟ್ಟುವುದಿಲ್ಲ ಎಂಬುದೇ ಪಾಲಕರ ಉತ್ತರ. 1903ರಲ್ಲಿ ಮೃಗಾಲಯದ ಆಡಳಿತ ವಹಿಸಿದ ಚಾಮರ್ಸ್ ಮಿಚೆಲ್ ಅವರು ಈ ಉತ್ತರವನ್ನು ಪರೀಕ್ಷಿಸದೆ ಒಪ್ಪಲಿಲ್ಲ. ಪೊಕಾಕ್ ಅವರೊಡನೆ ಅವರು 1907ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಬಹುತೇಕ ಹಾವುಗಳು ಕೊಂದು ತಂದ ಆಹಾರವನ್ನು ತಡೆಯಿಲ್ಲದೆ ತಿನ್ನುತ್ತಿದ್ದವು. ನೂರಾರು ವರ್ಷಗಳ ನಂಬಿಕೆ ಒಂದು ಸರಳ ಪ್ರಯೋಗದ ಮುಂದೆ ನಿಲ್ಲಲಿಲ್ಲ. ಇದರಿಂದ ಮೊಲಕ್ಕೆ ಮಾತ್ರವಲ್ಲ, ಹಾವಿಗೂ ಲಾಭವಾಯಿತು: ಹೆದರಿ ಮುದುಡಿದ ಹಾವನ್ನು ಜೀವಂತ ಇಲಿಯೇ ಕಡಿದು ಗಾಯಗೊಳಿಸುವುದುಂಟು.

ಅಟ್ಲಾಂಟಿಕ್ ಸಾಗರದ ಆಚೆ, ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ, 1899ರಿಂದ ಹಾವುಗಳ ಹೊಣೆ ಹೊತ್ತವರು ರೇಮಂಡ್ ಡಿಟ್ಮರ್ಸ್. ಹರೆಯದಲ್ಲಿ ತಂದೆತಾಯಿಯರ ಮನೆಯಲ್ಲೇ ಹಾವು ಸಾಕಿದ್ದವರು. ಅವರ ಕಾಲದಲ್ಲಿ ದೊಡ್ಡ ಹೆಬ್ಬಾವು ಉಪವಾಸ ಹಿಡಿದರೆ ಬಲಪ್ರಯೋಗವೇ ಉಪಾಯ. ಸಾಲಾಗಿ ನಿಂತ ಆಳುಗಳು ಹಾವನ್ನು ನೀಳವಾಗಿ ಹಿಡಿದುಕೊಳ್ಳುವರು. ಸತ್ತ ಮೊಲಗಳನ್ನು ಕೋಲಿನಿಂದ ಅದರ ಗಂಟಲಿಗೆ ತಳ್ಳುವರು. ಹಾವಿನ ಮೇಲಿನ ಅಕ್ಕರೆಯಿಂದಲೇ ಹೀಗೆ ಮಾಡಿದರು ಎನ್ನುವುದರಲ್ಲಿ ಸಂದೇಹವಿಲ್ಲ. ಆದರೆ ಭಯದಿಂದ ಉಪವಾಸ ಕುಳಿತ ಪ್ರಾಣಿಗೆ ಇದಕ್ಕಿಂತ ದೊಡ್ಡ ಭಯ ಇನ್ನಾವುದಿದ್ದೀತು?

ಉಣ್ಣುವುದು ಹಾವಿಗೆ ಸಣ್ಣ ಕೆಲಸವಲ್ಲ. ಸ್ಟೀಫನ್ ಸೆಕೋರ್ ಮತ್ತು ಜಾರೆಡ್ ಡೈಮಂಡ್ 1990ರ ದಶಕದಲ್ಲಿ ತೋರಿಸಿಕೊಟ್ಟಂತೆ, ಹೆಬ್ಬಾವು ಬೇಟೆ ನುಂಗಿದ ಒಂದೆರಡು ದಿನಗಳಲ್ಲಿ ಅದರ ಕರುಳು, ಪಿತ್ತಜನಕಾಂಗಗಳೇ ದಪ್ಪವಾಗಿ ಬೆಳೆಯುತ್ತವೆ. ಅರಗಿದ ಮೇಲೆ ಮತ್ತೆ ಕುಗ್ಗುತ್ತವೆ. ಇಷ್ಟಕ್ಕೆಲ್ಲ ಹೊರಗಿನ ಶಾಖ ಬೇಕು. ಹೊಟ್ಟೆ ತುಂಬಿದ ಹಾವು ಬೇಗ ಓಡಲಾರದು. ಶತ್ರು ಬಂದರೆ ನುಂಗಿದ್ದನ್ನು ಕಾರಿ ಹಗುರಾಗಬೇಕು. ಆದ್ದರಿಂದ ಚಳಿಯಲ್ಲಿ, ಬಯಲಲ್ಲಿ, ಕಣ್ಣುಗಳ ನಡುವೆ ಕುಳಿತ ಹಾವು ಉಣ್ಣದಿರುವುದು ಹಟವಲ್ಲ, ವಿವೇಕ.

ಈ ವಿವೇಕವನ್ನು ಗೌರವಿಸಿ ಹಾವುಗಳಿಗೆ ಮನೆ ಕಟ್ಟಿದವರಲ್ಲಿ ಜೋನ್ ಪ್ರಾಕ್ಟರ್ ಪ್ರಮುಖರು. 1897ರಲ್ಲಿ ಹುಟ್ಟಿದ ಆಕೆ ಬಾಲ್ಯದಿಂದ ರೋಗಿಷ್ಠೆ. ಹಾವು ಹಲ್ಲಿಗಳೇ ಆಕೆಯ ಸಂಗಾತಿಗಳು. ಒಮ್ಮೆ ಶಾಲೆಗೆ ಮೊಸಳೆಯ ಮರಿಯನ್ನೂ ತಂದಿದ್ದರು. 1923ರಲ್ಲಿ ಲಂಡನ್ ಮೃಗಾಲಯದ ಸರೀಸೃಪಗಳ ಅಧಿಕಾರಿಣಿಯಾದರು. ಅವರು ಯೋಜಿಸಿದ ಹೊಸ ಸರೀಸೃಪ ಗೃಹ 1927ರಲ್ಲಿ ತೆರೆಯಿತು. ಅಲ್ಲಿ ಇಡೀ ಕಟ್ಟಡಕ್ಕೆ ಒಂದೇ ಕಾವು ಎಂಬ ಲೆಕ್ಕವಿರಲಿಲ್ಲ. ಆಯಾ ಪ್ರಾಣಿಗೆ ತಕ್ಕಂತೆ ವಿದ್ಯುತ್ತಿನಿಂದ ಬೇರೆಬೇರೆ ಕಾವು. ಬೆಳಕು ಗೂಡಿನೊಳಗೆ, ನೋಡುವವರು ಮಬ್ಬಿನಲ್ಲಿ. ಆಕೆ 1931ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಕಟ್ಟಡ ಆಕೆಯ ನಂತರವೂ ಬಹುಕಾಲ ಹಾವುಗಳಿಗೆ ಮನೆಯಾಗಿತ್ತು.

ಮುಂದೆ ಹಾವಿನ ಸಾಕಣೆ ಮೃಗಾಲಯವನ್ನು ದಾಟಿ ಮನೆಗಳಿಗೆ ಬಂದಿತು. ಅಮೆರಿಕದ ಕಾರ್ನ್ ಹಾವು ಇದರಲ್ಲಿ ಹೆಸರಾದುದು. ಬರ್ನಾರ್ಡ್ ಬೆಕ್ಟೆಲ್ ಎಂಬ ವೈದ್ಯರು 1960ರ ದಶಕದ ಆರಂಭದಲ್ಲಿ ಅದರ ಬಿಳಿಚು ತಳಿಯ ಮರಿಗಳನ್ನು ಪಡೆದರು. ಆಮೇಲೆ ಸಾವಿರಾರು ಮನೆಗಳಲ್ಲಿ ಮೊಟ್ಟೆಗಳು ಒಡೆದವು. ಆಗ ಹೊಸ ಸಮಸ್ಯೆಯೊಂದು ಎದುರಾಯಿತು. ಕಾಡಿನಲ್ಲಿ ಈ ಮರಿಗಳ ಮೊದಲ ಊಟ ಹಲ್ಲಿ, ಮರಗಪ್ಪೆ. ಮನೆಯಲ್ಲಿ ಕೊಡುವುದು ಕೂದಲು ಬಾರದ ಇಲಿಮರಿ. ಹಾವು ನಾಲಗೆಯಿಂದ ವಾಸನೆಯನ್ನು ಎತ್ತಿ ಅಂಗುಳಿನ ಜೇಕಬ್‌ಸನ್ ಅಂಗಕ್ಕೆ ಮುಟ್ಟಿಸಿ ಬೇಟೆಯನ್ನು ಅರಿಯುತ್ತದೆ. ಇಲಿಮರಿಯ ವಾಸನೆ ಅದಕ್ಕೆ ಊಟದ ವಾಸನೆಯೇ ಅಲ್ಲ.

ಸಾಕುವವರು ಸೋತು ಸೋತು ಕಲಿತ ಕ್ರಮ ಹೀಗಿದೆ. ಹೊಸ ಮರಿಯನ್ನು ಒಂದು ವಾರ ಮುಟ್ಟದಿರುವುದು. ದೊಡ್ಡ ಗಾಜಿನ ಮನೆಗಿಂತ ಸಣ್ಣ ಡಬ್ಬಿ; ಮೈಗೆ ಒತ್ತುವಷ್ಟು ಇಕ್ಕಟ್ಟಾದ ಎರಡು ಮರೆಗಳು, ಒಂದು ಬೆಚ್ಚನೆಯ ಬದಿಗೆ, ಇನ್ನೊಂದು ತಂಪಿನ ಬದಿಗೆ; ನೀರು. ಮೊದಲ ಪೊರೆ ಕಳಚಿದ ಮೇಲೆ, ಸಂಜೆ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿದ ಸತ್ತ ಇಲಿಮರಿಯನ್ನು ಒಳಗಿಟ್ಟು, ಮುಚ್ಚಿ, ರಾತ್ರಿಯೆಲ್ಲ ಆ ಕಡೆ ಸುಳಿಯದಿರುವುದು. ತಿನ್ನದಿದ್ದರೆ ನಾಲ್ಕೈದು ದಿನ ಬಿಟ್ಟು, ಇಲಿಮರಿಯನ್ನು ತೊಳೆದು, ಹಲ್ಲಿಯ ಮೈಗೆ ಸವರಿ ಇಡುವುದು. ಹಾವುಗಳನ್ನೇ ತಿನ್ನುವ ಕಾಳಿಂಗ ಸರ್ಪಕ್ಕೂ ಮೃಗಾಲಯಗಳಲ್ಲಿ ಹಾವಿನ ವಾಸನೆ ಹಚ್ಚಿದ ಇಲಿಗಳನ್ನು ಕೊಟ್ಟು ಅಭ್ಯಾಸ ಮಾಡಿಸುವುದುಂಟು. ಬಾಯಿ ಬಿಡಿಸಿ ತಿನ್ನಿಸುವುದು ಕಟ್ಟಕಡೆಯ ಮಾತು. ಮರಿ ಸೊರಗಿ ಬೆನ್ನೆಲುಬು ಕಾಣತೊಡಗಿದಾಗ, ಪಶುವೈದ್ಯರ ಕೈಯಿಂದ.

ನಮ್ಮ ಕಾಡಿನ ಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ, ಅದು ತಕ್ಕುದೇ. ಆದರೂ ಈ ಇತಿಹಾಸದ ಪಾಠ ನಮಗೂ ಸಲ್ಲುತ್ತದೆ. ಕಂಬಳಿ, ಜೀವಂತ ಮೊಲ, ಕೋಲು, ಹಾಲು, ಎಲ್ಲವೂ ಕೊಡುವವರು ತಮಗೆ ತೋಚಿದಂತೆ ಕೊಟ್ಟವು. ಹಾವಿಗೆ ಬೇಕಿದ್ದುದು ತುಸು ಕತ್ತಲು, ತುಸು ಕಾವು, ನಮ್ಮ ಗೈರುಹಾಜರಿ. ಅಷ್ಟನ್ನು ಕೊಟ್ಟವರು ಅದು ಉಣ್ಣುವುದನ್ನು ಸಾಮಾನ್ಯವಾಗಿ ಕಾಣುವುದಿಲ್ಲ. ಬೆಳಗ್ಗೆ ಡಬ್ಬಿಯ ಮುಚ್ಚಳ ತೆಗೆದಾಗ ಇಲಿಮರಿ ಇರುವುದಿಲ್ಲ. ಮರೆಯೊಳಗೆ ಸುತ್ತಿಕೊಂಡ ಮರಿಯ ನಡುವಿನಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ.